ಮದ್ದಿನ ಮನೆಯಾದ ಮದರಸ

ಬೀದರಿನ ಚೌಬಾರದಿಂದ ಕೋಟೆಯ ಕಡೆಗೆ ನಡೆದರೆ ದಾರಿಯಲ್ಲಿ ಒಂಟಿ ಮಿನಾರಿನ ದೊಡ್ಡ ಕಟ್ಟಡವೊಂದು ಎದುರಾಗುತ್ತದೆ. ಮಿನಾರನ್ನು ಕಂಡು ಹೊಸಬರು ಇದನ್ನು ಮಸೀದಿಯೆಂದು ತಿಳಿದರೆ ಆಶ್ಚರ್ಯವಿಲ್ಲ. ಆದರೆ ಇದನ್ನು ಕಟ್ಟಿದ್ದು ವಿದ್ಯಾಶಾಲೆಯಾಗಿ. ಬಹಮನಿ ರಾಜ್ಯದ ಪ್ರಧಾನಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸ ಇದು. ಹಳೆಯ ಕಟ್ಟಡಗಳಿಗೆ ಕಾಲವೇ ಶತ್ರುವೆಂದು ನಾವು ಹೇಳುವುದುಂಟು. ಈ ಕಟ್ಟಡದ ಚರಿತ್ರೆಯನ್ನು ನೋಡಿದರೆ ಆ ಮಾತನ್ನು ಒಪ್ಪಲು ನನಗೆ ಮನಸ್ಸು ಬರುವುದಿಲ್ಲ.

ಗವಾನ್ ಪರ್ಷಿಯದ ಗೀಲಾನ್ ಪ್ರಾಂತದವನು. ವ್ಯಾಪಾರಕ್ಕೆಂದು ದಖ್ಖನಿಗೆ ಬಂದು, ಸುಲ್ತಾನರ ಸೇವೆಗೆ ಸೇರಿ, ರಾಜ್ಯದ ಹಿರಿಯ ಮಂತ್ರಿಯಾದ. ಆಡಳಿತದ ಗಡಿಬಿಡಿಯ ನಡುವೆಯೂ ಹೆರಾತಿನ ಕವಿ ಜಾಮಿಯೊಡನೆ ಪತ್ರವ್ಯವಹಾರ ನಡೆಸುತ್ತಿದ್ದ. ಅಂಥವನು ಕಟ್ಟಿಸಿದ ಶಾಲೆ ಹೇಗಿರಬೇಕೋ ಹಾಗೆಯೇ ಇತ್ತು. ಸುಮಾರು 205 ಅಡಿ ಉದ್ದ, 180 ಅಡಿ ಅಗಲ, ಮೂರು ಅಂತಸ್ತು. ನಡುವೆ ತೆರೆದ ಅಂಗಳ, ಸುತ್ತಲೂ ವಿದ್ಯಾರ್ಥಿಗಳಿಗೆ 36 ಕೋಣೆಗಳು, ಉಪಾಧ್ಯಾಯರಿಗೆ ಬೇರೆ ವಸತಿ, ಪಾಠದ ಅಂಗಣಗಳು, ಮಸೀದಿ, ಪುಸ್ತಕಶಾಲೆ. ಅಲ್ಲಿ ಮೂರು ಸಾವಿರ ಗ್ರಂಥಗಳಿದ್ದವೆಂದು ಹೇಳುತ್ತಾರೆ. ಮುಂಭಾಗವನ್ನೆಲ್ಲ ನೀಲಿ, ಹಸಿರು, ಹಳದಿ, ಬಿಳಿ ಬಣ್ಣದ ಹೊಳಪಿನ ಹೆಂಚುಗಳು ಮುಚ್ಚಿದ್ದವು. ಉಳಿದ ಗೋಡೆಯ ಮೇಲೆ ಅವುಗಳ ತುಣುಕುಗಳನ್ನು ಇಂದಿಗೂ ಕಾಣಬಹುದು.

1481ರಲ್ಲಿ, ಎದುರಾಳಿಗಳು ಸೃಷ್ಟಿಸಿದ ಖೋಟಾ ಪತ್ರವೊಂದನ್ನು ನಂಬಿ ಸುಲ್ತಾನನು ಗವಾನನನ್ನು ಕೊಲ್ಲಿಸಿದ. ಬಹಮನಿ ರಾಜ್ಯವೂ ಬಹುಕಾಲ ಬಾಳದೆ ಒಡೆದು ಐದಾಯಿತು. ಕಟ್ಟಿಸಿದವನೂ ಹೋದ, ರಾಜ್ಯವೂ ಹೋಯಿತು. ಕಟ್ಟಡ ಮಾತ್ರ ನಿಂತಿತ್ತು. ಹದಿನೇಳನೆಯ ಶತಮಾನದ ಆರಂಭದಲ್ಲಿ ಚರಿತ್ರಕಾರ ಫಿರಿಶ್ತಾ ಇದನ್ನು ಈಗ ತಾನೆ ಕಟ್ಟಿ ಮುಗಿಸಿದಂತಿದೆ ಎಂದು ಬಣ್ಣಿಸಿದ್ದಾನೆ.

1657ರಲ್ಲಿ ಔರಂಗಜೇಬನು ಬೀದರನ್ನು ಗೆದ್ದ. ಅಲ್ಲಿಂದ ಮುಂದೆ ಮದರಸಕ್ಕೆ ಹೊಸ ಬಾಡಿಗೆದಾರರು ಬಂದರು. ಕೆಲವು ಕೋಣೆಗಳಲ್ಲಿ ಕುದುರೆ ಸವಾರರು ಬೀಡುಬಿಟ್ಟರು. ಇನ್ನು ಕೆಲವು ಮದ್ದುಗುಂಡಿನ ಉಗ್ರಾಣವಾದವು. ದಪ್ಪ ಗೋಡೆ, ಸಾಲು ಕೋಣೆ, ಕೋಟೆಯ ಸಾಮೀಪ್ಯ: ಓದುವವನಿಗೆ ನೆಮ್ಮದಿ ಕೊಟ್ಟ ಗುಣಗಳೇ ಸಿಪಾಯಿಯ ಕಣ್ಣಿಗೂ ಬಿದ್ದಿರಬೇಕು. 1696ರಲ್ಲಿ ಆ ಮದ್ದು ಸಿಡಿಯಿತು. ಮುಂಭಾಗದ ಅರ್ಧಕ್ಕಿಂತ ಹೆಚ್ಚು ಭಾಗ, ಮಹಾದ್ವಾರ, ತೆಂಕಣ ಮೂಲೆಯ ಮಿನಾರು ಎಲ್ಲ ನೆಲಸಮವಾದವು. ಲೆಕ್ಕ ಹಾಕಿ ನೋಡಿ: 185 ವರ್ಷ ಗಟ್ಟಿಯಾಗಿ ನಿಂತದ್ದನ್ನು ಹಾಳುಮಾಡಲು 39 ವರ್ಷದ ಹೊಸ ಉಪಯೋಗ ಸಾಕಾಯಿತು. ಇದರಲ್ಲಿ ಕಾಲದ ತಪ್ಪೇನು?

ಇಪ್ಪತ್ತನೆಯ ಶತಮಾನದಲ್ಲಿ ಹೈದರಾಬಾದ್ ಸಂಸ್ಥಾನದ ಪುರಾತತ್ವ ಇಲಾಖೆ, ಗುಲಾಂ ಯಜ್ದಾನಿಯವರ ಮುಂದಾಳುತನದಲ್ಲಿ, ಬೀದರಿನ ಸ್ಮಾರಕಗಳ ರಕ್ಷಣೆಗೆ ಕೈಹಾಕಿತು. 1956ರಲ್ಲಿ ಬೀದರ್ ಜಿಲ್ಲೆ ಮೈಸೂರು ರಾಜ್ಯವನ್ನು ಸೇರಿತು. ಈಗ ಕಟ್ಟಡ ಭಾರತೀಯ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಓದಲು ಕಟ್ಟಿದ್ದು, ಕಾಯಲು ಬಳಸಿದ್ದು, ಈಗ ನೋಡುವ ವಸ್ತುವಾಗಿದೆ. ಈ ಮೂರನೆಯ ಉಪಯೋಗ ನಿರುಪದ್ರವಿ. ಅದಕ್ಕಾಗಿ ನಾನು ಕೃತಜ್ಞ. ಅಲ್ಲಿ ಮತ್ತೆ ಪಾಠ ನಡೆಸಿರೆಂದು ನಾನು ಕೇಳುವುದಿಲ್ಲ. ಸಿಡಿದು ಉಳಿದ ಗೋಡೆಗಳಿಗೆ ಆ ಭಾರ ಬೇಡ.

ನಾನು ಕೇಳುವುದು ಇನ್ನೂ ಬದುಕಿರುವ ಶಾಲೆಗಳ ಪರವಾಗಿ. ನಮ್ಮ ಸಣ್ಣ ಊರುಗಳಲ್ಲಿ ದಪ್ಪ ಗೋಡೆಯ, ಎತ್ತರದ ಮಾಡಿನ ಹಳೆಯ ಶಾಲೆಗಳಿವೆ. ಮಕ್ಕಳ ಸಂಖ್ಯೆ ತುಸು ಇಳಿದರೆ ಸಾಕು, ಒಂದು ಕೋಣೆಯನ್ನು ಸಾಮಾನು ತುಂಬಲು ಕೊಡಿ ಎನ್ನುವವರು ಬರುತ್ತಾರೆ. ಕೊಠಡಿ ಸುಮ್ಮನೆ ಬಿದ್ದಿದೆಯಲ್ಲ ಎಂಬುದು ಅವರ ವಾದ. ಊರಿನ ಹಿರಿಯರು ಬೀಗದ ಕೈ ಕೊಡುವ ಮೊದಲು, ಆ ಕೋಣೆಯಲ್ಲಿ ನಾಲ್ಕು ಪುಸ್ತಕ, ಎರಡು ಬೆಂಚು ಇಟ್ಟರೆ ಸಾಲದೇ ಎಂದು ಒಮ್ಮೆ ಯೋಚಿಸಲಿ.