ತೆರೆಯ ಮೇಲಿನ ಡಿಕ್ಕಿ ಎಷ್ಟು ನೈಜ?

ಕಾರೋಟದ ಗಣಕ ಆಟಗಳು ಹೊಸವೇನಲ್ಲ. ಹಳೆಯ ಆಟಗಳಲ್ಲಿ ಬಹುಪಾಲು ಕಾರುಗಳು ದೃಢಕಾಯಗಳು. ಗೋಡೆಗೆ ಬಡಿದರೆ ಪುಟಿಯುತ್ತಿದ್ದವು, ಇಲ್ಲವೇ ಕಲಾವಿದರು ಮೊದಲೇ ರಚಿಸಿಟ್ಟ ನಜ್ಜುಗುಜ್ಜಾದ ಚಿತ್ರವೊಂದು ತೆರೆಯ ಮೇಲೆ ಮೂಡುತ್ತಿತ್ತು. ಜರ್ಮನಿಯ ಬ್ರೆಮೆನ್ ನಗರದಲ್ಲಿ ರೂಪುಗೊಂಡ ‘ಬೀಮ್‌ಎನ್‌ಜಿ.ಡ್ರೈವ್’ ಆಟದಲ್ಲಿ ಕಂಬಕ್ಕೆ ಗುದ್ದಿದ ಕಾರಿನ ಮೂತಿ ಮಡಚುತ್ತದೆ, ಚಕ್ರ ವಾಲುತ್ತದೆ, ಬಾಗಿಲು ಕಳಚುತ್ತದೆ. ಇವೆಲ್ಲ ಆಯಾ ಕ್ಷಣದ ಲೆಕ್ಕಾಚಾರದ ಫಲ. ಇಂಥ ಲೆಕ್ಕದ ಚರಿತ್ರೆ ಆಟಗಳಿಗಿಂತ ಹಳೆಯದು.

ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದಲ್ಲಿ 1976ರಲ್ಲಿ ಜಾನ್ ಹಾಲ್‌ಕ್ವಿಸ್ಟ್ ‘ಡೈನಾ3ಡಿ’ ಎಂಬ ಗಣಕ ಕ್ರಮವಿಧಿಯನ್ನು ಬರೆದರು. ಕೆಳಮಟ್ಟದಿಂದ ಬೀಳಿಸಿದ ಬಾಂಬು ನೆಲಕ್ಕೆ ಅಪ್ಪಳಿಸಿದಾಗ ಹೇಗೆ ವಿರೂಪಗೊಳ್ಳುತ್ತದೆ ಎಂಬುದನ್ನು ಲೆಕ್ಕಹಾಕುವುದು ಅದರ ಮೂಲ ಉದ್ದೇಶ. ವಸ್ತುವನ್ನು ಸಣ್ಣ ಘಟಕಗಳಾಗಿ ಒಡೆದು, ಪ್ರತಿಯೊಂದರ ಮೇಲಿನ ಬಲವನ್ನು ಕಂಡುಕೊಂಡು, ನ್ಯೂಟನ್ನನ ಎರಡನೆಯ ನಿಯಮದಿಂದ ವೇಗೋತ್ಕರ್ಷವನ್ನೂ ಮುಂದಿನ ಸ್ಥಾನವನ್ನೂ ಪಡೆಯಬೇಕು. ಇದನ್ನೇ ಮತ್ತೆ ಮತ್ತೆ ಮಾಡಬೇಕು. ಇದೇ ವಿಧಾನ ಕಾರುಗಳಿಗೂ ಬಂತು. 1980ರ ದಶಕದ ನಡುವಿನಲ್ಲಿ ಫ್ರಾನ್ಸಿನ ‘ಪ್ಯಾಮ್-ಕ್ರ್ಯಾಶ್’ ಕ್ರಮವಿಧಿಯು ಫೋಕ್ಸ್‌ವ್ಯಾಗನ್ ಪೋಲೋ ಕಾರಿನ ಮುಂಭಾಗದ ಡಿಕ್ಕಿಯನ್ನು ಲೆಕ್ಕಹಾಕಿತು. ಸೂಪರ್ ಕಂಪ್ಯೂಟರಿಗೆ ಅದು ಇಡೀ ರಾತ್ರಿಯ ಕೆಲಸವಾಗಿತ್ತು.

ಇಷ್ಟು ಹೊತ್ತು ಏಕೆ? ಕೂರಂಟ್, ಫ್ರೀಡ್ರಿಕ್ಸ್ ಮತ್ತು ಲ್ಯೂವಿ ಎಂಬ ಗಣಿತಜ್ಞರು 1928ರಲ್ಲಿಯೇ ಇದಕ್ಕೆ ಕಾರಣ ತೋರಿಸಿದ್ದರು. ಇಂಥ ಲೆಕ್ಕದಲ್ಲಿ ಕಾಲದ ಒಂದು ಹೆಜ್ಜೆಯು ಶಬ್ದತರಂಗ ಒಂದು ಘಟಕವನ್ನು ದಾಟುವ ಅವಧಿಯನ್ನು ಮೀರಬಾರದು. ಮೀರಿದರೆ ದೋಷ ಹೆಜ್ಜೆಹೆಜ್ಜೆಗೂ ಬೆಳೆದು ಲೆಕ್ಕ ಸಿಡಿದುಹೋಗುತ್ತದೆ. ಉಕ್ಕಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 5 ಕಿ.ಮೀ. ಘಟಕದ ಅಳತೆ 5 ಮಿ.ಮೀ. ಆದರೆ ಹೆಜ್ಜೆ 1 ಮೈಕ್ರೋಸೆಕೆಂಡ್. ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ಮುಗಿಯುವ ಡಿಕ್ಕಿಗೆ 1 ಲಕ್ಷ ಹೆಜ್ಜೆಗಳು ಬೇಕು!

ಆಟಕ್ಕೆ ಈ ಸಾವಧಾನ ಸಾಧ್ಯವಿಲ್ಲ. ಒಂದು ಸೆಕೆಂಡಿನ ಘಟನೆ ಒಂದೇ ಸೆಕೆಂಡಿನಲ್ಲಿ ಮುಗಿಯಬೇಕು. 2005ರಲ್ಲಿ ಪಿಯರ್-ಮಿಷೆಲ್ ರಿಕಾರ್ಡೆಲ್ ಹೊರತಂದ ‘ರಿಗ್ಸ್ ಆಫ್ ರಾಡ್ಸ್’ ಒಂದು ಸರಳ ದಾರಿ ಹಿಡಿಯಿತು. ಅದರಲ್ಲಿ ವಾಹನವೆಂದರೆ ದ್ರವ್ಯರಾಶಿಯುಳ್ಳ ಬಿಂದುಗಳು ಮತ್ತು ಅವುಗಳನ್ನು ಜೋಡಿಸುವ ಸ್ಪ್ರಿಂಗುಗಳಂಥ ತೊಲೆಗಳು. ತೊಲೆ ಹುಕ್‌ನ ನಿಯಮವನ್ನು ಪಾಲಿಸುತ್ತದೆ. ಒಂದು ಮಿತಿ ದಾಟಿದರೆ ಶಾಶ್ವತವಾಗಿ ವಿರೂಪಗೊಳ್ಳುತ್ತದೆ, ಇನ್ನೊಂದು ಮಿತಿ ದಾಟಿದರೆ ತುಂಡಾಗುತ್ತದೆ. ಈ ಬಳಗದಿಂದ ಬಂದವರೇ ಮುಂದೆ ಬೀಮ್‌ಎನ್‌ಜಿಯನ್ನು ಕಟ್ಟಿದರು. ಅದರ ಪ್ರಾಯೋಗಿಕ ಆವೃತ್ತಿ 2013ರಲ್ಲಿ ಬಂತು. ಅದು ಸೆಕೆಂಡಿಗೆ 2000 ಸಲ ಲೆಕ್ಕಹಾಕುತ್ತದೆ, ಅಂದರೆ ಹೆಜ್ಜೆ 500 ಮೈಕ್ರೋಸೆಕೆಂಡ್.

ಇದಕ್ಕೆ ತೆರುವ ಬೆಲೆ ಏನು? 1 ಕಿ.ಗ್ರಾಂ. ಬಿಂದುವೊಂದನ್ನು ಸ್ಥಿರ ಆಧಾರಕ್ಕೆ ಸ್ಪ್ರಿಂಗಿನಿಂದ ಕಟ್ಟಿದ್ದೇವೆ ಎನ್ನೋಣ. ಕಾಲದ ಹೆಜ್ಜೆಯ ವರ್ಗದಿಂದ ದ್ರವ್ಯರಾಶಿಯ ನಾಲ್ಕರಷ್ಟನ್ನು ಭಾಗಿಸಿದರೆ ಸ್ಪ್ರಿಂಗ್ ನಿಯತಾಂಕದ ಗರಿಷ್ಠ ಮಿತಿ ಸಿಗುತ್ತದೆ. ಇಲ್ಲಿ ಅದು ಮೀಟರಿಗೆ 1.6 ಕೋಟಿ ನ್ಯೂಟನ್. ಆದರೆ 20 ಸೆಂ.ಮೀ. ಉದ್ದ, 1 ಚದರ ಸೆಂ.ಮೀ. ಅಡ್ಡಕೊಯ್ತದ ಉಕ್ಕಿನ ಸರಳಿನ ನಿಯತಾಂಕ ಸುಮಾರು 10 ಕೋಟಿ! ಆದ್ದರಿಂದ ಆಟದ ‘ಉಕ್ಕು’ ನಿಜವಾದ ಉಕ್ಕಿಗಿಂತ ಮೆದುವಾಗಿರಲೇಬೇಕು.

ಹಾಗೆಂದು ಈ ಆಟ ನಿಷ್ಪ್ರಯೋಜಕವಲ್ಲ. ವೇಗ ಗಂಟೆಗೆ 50ರಿಂದ 100 ಕಿ.ಮೀ.ಗೆ ಏರಿದರೆ ಚಲನಶಕ್ತಿ ನಾಲ್ಕು ಪಟ್ಟಾಗುತ್ತದೆ. ಒಂದೇ ಕಾರನ್ನು ಎರಡೂ ವೇಗಗಳಲ್ಲಿ ಗೋಡೆಗೆ ಗುದ್ದಿಸಿ, ವ್ಯತ್ಯಾಸವನ್ನು ವಿದ್ಯಾರ್ಥಿಗಳಿಗೆ ಕಣ್ಣಾರೆ ತೋರಿಸಬಹುದು. ಆದರೆ ಒಳಗಿರುವ ಮನುಷ್ಯ ಬದುಕುವನೇ ಎಂದು ಅದರಿಂದ ತೀರ್ಮಾನಿಸಲಾಗದು. ವಾಹನ ತಯಾರಕರು ತಮ್ಮ ಗಣಕ ಫಲಿತಾಂಶಗಳನ್ನು ನಿಜವಾದ ಡಿಕ್ಕಿ ಪರೀಕ್ಷೆಗಳೊಡನೆ ಹೋಲಿಸಿ ನೋಡುವುದು ಇದಕ್ಕಾಗಿಯೇ. ಯಾವುದೇ ಗಣಕ ಅನುಕರಣೆಯನ್ನು ‘ನೈಜ’ ಎಂದು ಕರೆದಾಗ ತರಗತಿಯಲ್ಲಿ ಎರಡು ಪ್ರಶ್ನೆ ಕೇಳಬೇಕು: ಕಾಲದ ಹೆಜ್ಜೆ ಎಷ್ಟು? ಆ ಹೆಜ್ಜೆಗಾಗಿ ಏನನ್ನು ಬಿಟ್ಟುಕೊಡಲಾಗಿದೆ?