ವಂತಿಗೆ, ಕಾರ್ಡು, ಶಿಬಿರ: ಕರ್ನಾಟಕದ ಆರೋಗ್ಯ ವಿಮಾ ಪ್ರಯೋಗಗಳ ಒಂದು ಅಧ್ಯಯನ

ಸಾರ್ವಜನಿಕ ಆರೋಗ್ಯ ಮತ್ತು ಆಸ್ಪತ್ರೆಗಳು ನಮ್ಮ ಸಂವಿಧಾನದ ರಾಜ್ಯಪಟ್ಟಿಯಲ್ಲಿವೆ. ಬಡ ಕುಟುಂಬಗಳಿಗೆ ದೊಡ್ಡ ಚಿಕಿತ್ಸೆಯ ವೆಚ್ಚ ಭರಿಸುವ ಹೊಸ ಮಾದರಿಗಳೂ ಬಹುಮಟ್ಟಿಗೆ ರಾಜ್ಯಗಳಲ್ಲೇ ರೂಪುಗೊಂಡವು. ಕರ್ನಾಟಕದ ಯಶಸ್ವಿನಿ 2003ರಲ್ಲಿ ಜಾರಿಗೆ ಬಂತು. ಆಂಧ್ರಪ್ರದೇಶದ ರಾಜೀವ್ ಆರೋಗ್ಯಶ್ರೀ 2007ರಲ್ಲಿ. ಇಂಥ ಯೋಜನೆಗಳ ಚರ್ಚೆ ಹೆಚ್ಚಾಗಿ ವಿಮಾ ಮೊತ್ತದ ಸುತ್ತಲೇ ನಡೆಯುತ್ತದೆ: ಒಂದೂವರೆ ಲಕ್ಷ ಸಾಕೇ, ಐದು ಲಕ್ಷ ಬೇಕೇ? ಅದಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆಯದೆಂದು ನನ್ನ ವಾದ. ಚಿಕಿತ್ಸೆ ಸಿಗಬೇಕಾದರೆ ಕಾಯಿಲೆಗೆ ಮುಂಚೆಯೇ ಆ ಕುಟುಂಬ ಏನೇನು ಮಾಡಿರಬೇಕು? ಒಂದೇ ದಶಕದೊಳಗೆ ಕರ್ನಾಟಕ ಈ ಪ್ರಶ್ನೆಗೆ ಮೂರು ಬೇರೆ ಬೇರೆ ಉತ್ತರಗಳನ್ನು ಪ್ರಯೋಗಿಸಿ ನೋಡಿದೆ.

ಮೊದಲನೆಯದು ವಂತಿಗೆ. ಹೃದಯ ಶಸ್ತ್ರಚಿಕಿತ್ಸಕ ಡಾ. ದೇವಿ ಶೆಟ್ಟಿ ಅವರ ಚಿಂತನೆಯಿಂದ ಹುಟ್ಟಿದ ಯಶಸ್ವಿನಿಯಲ್ಲಿ ಸಹಕಾರ ಸಂಘದ ಸದಸ್ಯರು ತಲೆಗೆ ತಿಂಗಳಿಗೆ ಐದು ರೂಪಾಯಿಯಂತೆ ವರ್ಷಕ್ಕೆ 60 ರೂಪಾಯಿ ಕಟ್ಟಿದರೆ ನಿಗದಿತ ಶಸ್ತ್ರಚಿಕಿತ್ಸೆಗಳು ನಗದಿಲ್ಲದೆ ಸಿಗುತ್ತಿದ್ದವು. ವಿಮಾ ಕಂಪನಿಯ ನೆರವಿಲ್ಲದೆ ಒಂದು ಟ್ರಸ್ಟ್ ಇದನ್ನು ನಡೆಸಿತು. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದ್ದು ಸಹಕಾರ ಚಳವಳಿಗೆ ಹಳ್ಳಿಗಳಲ್ಲಿದ್ದ ಬೇರಿನ ಫಲ. ಮರುವರ್ಷ ಸದಸ್ಯತ್ವ ಇಪ್ಪತ್ತು ಲಕ್ಷ ದಾಟಿತು. ಆದರೆ 2005ರಲ್ಲಿ ವಂತಿಗೆ 120 ರೂಪಾಯಿಗೆ ಏರಿದಾಗ ಅದು 15 ಲಕ್ಷದ ಒಳಕ್ಕೆ ಕುಸಿಯಿತು. ಆರೋಗ್ಯವಾಗಿದ್ದಾಗ ಕಟ್ಟಬೇಕಾದ ಹಣ ಎಷ್ಟೇ ಚಿಕ್ಕದಾದರೂ, ಅದು ಹೆಚ್ಚಾದೊಡನೆ ಲಕ್ಷಾಂತರ ಜನ ಹೊರಗುಳಿಯುತ್ತಾರೆ ಎಂಬುದು ಇಲ್ಲಿ ಕಾಣುತ್ತದೆ.

ಎರಡನೆಯದು ಕಾರ್ಡು. ಕೇಂದ್ರದ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆಯಲ್ಲಿ ಕುಟುಂಬ ಕೊಡಬೇಕಿದ್ದದ್ದು ಕೇವಲ 30 ರೂಪಾಯಿ ನೋಂದಣಿ ಶುಲ್ಕ. ರಕ್ಷಣೆ 30,000 ರೂಪಾಯಿ. ಡಿ. ರಾಜಶೇಖರ್ ಮತ್ತು ಸಂಗಡಿಗರು ಕರ್ನಾಟಕದಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ, ಆರಂಭವಾಗಿ ಆರು ತಿಂಗಳಾಗುವಷ್ಟರಲ್ಲಿ ಅರ್ಹ ಕುಟುಂಬಗಳ ಶೇ. 85ಕ್ಕೆ ಯೋಜನೆ ಗೊತ್ತಿತ್ತು, ಶೇ. 68 ನೋಂದಾಯಿಸಿಕೊಂಡಿದ್ದವು. ಆದರೂ ಅದರಿಂದ ಚಿಕಿತ್ಸೆ ಪಡೆದವರು ಇಲ್ಲವೆನ್ನುವಷ್ಟು ಕಡಿಮೆ. ಕಾರ್ಡು ತಡವಾಗಿ ಕೈಸೇರಿತು. ಆಸ್ಪತ್ರೆಗಳಲ್ಲಿ ಅದನ್ನು ಓದುವ ಯಂತ್ರ ಸಿದ್ಧವಿರಲಿಲ್ಲ.

ಮೂರನೆಯದು, 2010ರ ವಾಜಪೇಯಿ ಆರೋಗ್ಯಶ್ರೀ. ಇಲ್ಲಿ ನೋಂದಣಿಯೇ ಇಲ್ಲ, ವಂತಿಗೆಯೂ ಇಲ್ಲ. ಬಿಪಿಎಲ್ ಪಡಿತರ ಚೀಟಿ ಇದ್ದವರೆಲ್ಲ ತಾವಾಗಿಯೇ ಒಳಗೆ. ಹೃದ್ರೋಗ, ಕ್ಯಾನ್ಸರ್ ಮೊದಲಾದ ದುಬಾರಿ ಚಿಕಿತ್ಸೆಗಳಿಗೆ ಕುಟುಂಬಕ್ಕೆ ವರ್ಷಕ್ಕೆ ಒಂದೂವರೆ ಲಕ್ಷ, ಅಗತ್ಯಬಿದ್ದರೆ ಮೇಲೆ ಇನ್ನೂ 50,000. ಅದಕ್ಕಿಂತ ಮಹತ್ವದ ಅಂಶ ಶಿಬಿರಗಳದು: ಆಸ್ಪತ್ರೆಗಳು ಹಳ್ಳಿಗಳತ್ತ ಹೋಗಿ ತಪಾಸಣೆ ನಡೆಸಿ, ಚಿಕಿತ್ಸೆ ಬೇಕಾದವರನ್ನು ಕರೆತರಬೇಕಿತ್ತು. ತನ್ನ ಎದೆನೋವು ಹೃದಯದ ಕಾಯಿಲೆಯೆಂದೇ ತಿಳಿಯದ ಕೂಲಿಕಾರನ ಪಾಲಿಗೆ ವಿಮಾ ಮೊತ್ತ ಎಷ್ಟಿದ್ದರೇನು? ಅವನನ್ನು ಹುಡುಕಿಕೊಂಡು ಯಾರಾದರೂ ಬರಬೇಕು.

ಯೋಜನೆ ಮೊದಲು ಉತ್ತರ ಕರ್ನಾಟಕದಲ್ಲಿ ಜಾರಿಯಾಗಿ, ದಕ್ಷಿಣಕ್ಕೆ ಬರುವುದು ತಡವಾಯಿತು. ಇದರಿಂದ ಸಂಶೋಧನೆಗೆ ಅಪರೂಪದ ಅವಕಾಶ ಒದಗಿತು. ನೀರಜ್ ಸೂದ್, ಅರ್ಣಬ್ ಮುಖರ್ಜಿ ಮತ್ತಿತರರು ಯೋಜನೆಯ ಗಡಿಯ ಉತ್ತರಕ್ಕಿದ್ದ 300 ಹಳ್ಳಿಗಳನ್ನು ದಕ್ಷಿಣಕ್ಕಿದ್ದ 272 ಹಳ್ಳಿಗಳೊಂದಿಗೆ ಹೋಲಿಸಿ 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ಯೋಜನೆಯ ಚಿಕಿತ್ಸೆಯಿಂದ ತಡೆಯಬಹುದಾಗಿದ್ದ ಕಾಯಿಲೆಗಳಿಂದಾದ ಸಾವಿನ ಪ್ರಮಾಣ ಬಡ ಕುಟುಂಬಗಳಲ್ಲಿ ಯೋಜನೆ ಇದ್ದ ಕಡೆ ಶೇ. 0.32, ಇಲ್ಲದ ಕಡೆ ಶೇ. 0.90. ಬಿಪಿಎಲ್ ಅಲ್ಲದ ಕುಟುಂಬಗಳಲ್ಲಿ ಇಂಥ ಅಂತರ ಕಾಣಲಿಲ್ಲ. ಹೀಗಾಗಿ ಎರಡು ಪ್ರದೇಶಗಳ ಸ್ಥಿತಿಗತಿಯೇ ಈ ವ್ಯತ್ಯಾಸಕ್ಕೆ ಕಾರಣ ಎನ್ನುವುದು ಕಷ್ಟ. ಇಂಥ ಚಿಕಿತ್ಸೆಗೆ ದೊಡ್ಡ ಆಸ್ಪತ್ರೆ ಸೇರಿದವರ ಕೈಖರ್ಚೂ ಸುಮಾರು ಮೂರನೇ ಎರಡು ಪಾಲು ತಗ್ಗಿತ್ತು. ಸಾವಿನ ಕಾರಣವನ್ನು ಮನೆಯವರ ಹೇಳಿಕೆಯಿಂದಲೇ ಗುರುತಿಸಬೇಕಾದಲ್ಲಿ ಅಂಕಿ ಸ್ವಲ್ಪ ಆಚೀಚೆ ಆಗಬಹುದು. ಆದರೂ ಅಂತರ ಇಷ್ಟು ದೊಡ್ಡದಿರುವಾಗ ಅದನ್ನು ಬದಿಗೆ ಸರಿಸಲಾಗದು.

ಈ ಯಶಸ್ಸಿನ ಮಿತಿಯನ್ನೂ ಹೇಳಬೇಕು. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿಗೆ ತಿಂಗಳು ತಿಂಗಳೂ ಕೊಳ್ಳುವ ಮಾತ್ರೆಯ ಖರ್ಚು ಈ ಯೋಜನೆಗಳ ಹೊರಗೇ ಉಳಿಯಿತು. ಬಡ ಮನೆಯನ್ನು ಸದ್ದಿಲ್ಲದೆ ಸವೆಸುವುದು ಆ ಖರ್ಚೇ.

2018ರಲ್ಲಿ ಯಶಸ್ವಿನಿಯೂ ಸೇರಿ ಹಲವು ಯೋಜನೆಗಳು ರಾಜ್ಯದ ‘ಆರೋಗ್ಯ ಕರ್ನಾಟಕ’ ಯೋಜನೆಯಲ್ಲಿ ವಿಲೀನಗೊಂಡು, ಅದೇ ವರ್ಷ ಕೇಂದ್ರದ ಆಯುಷ್ಮಾನ್ ಭಾರತದೊಡನೆ ಜೋಡಣೆಯಾದವು. ರಕ್ಷಣೆ ಐದು ಲಕ್ಷಕ್ಕೇರಿತು. ಜೊತೆಗೆ ಹೊಸ ಶರತ್ತೊಂದು ಬಂತು: ತುರ್ತು ಸಂದರ್ಭಗಳನ್ನು ಬಿಟ್ಟರೆ ರೋಗಿ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ಶಿಫಾರಸು ಪತ್ರ ಪಡೆಯಬೇಕು. ಸರ್ಕಾರಿ ಆಸ್ಪತ್ರೆಗಳನ್ನು ಬಲಪಡಿಸುವ ಆಶಯ ಸರಿಯಾದದ್ದೇ. ಆದರೆ ಇಡೀ ರಾಜ್ಯ ಒಂದೇ ನಿಯಮದಡಿ ಬಂದುದರಿಂದ, ಆ ಪತ್ರಕ್ಕಾಗಿ ಅಲೆಯಬೇಕಾದ ದೂರದ ತಾಲ್ಲೂಕುಗಳ ರೋಗಿಗಳು ಚಿಕಿತ್ಸೆ ಬಿಟ್ಟರೇ ಎಂದು ಅಳೆಯಲು 2010ರಂಥ ಗಡಿ ಉಳಿಯಲಿಲ್ಲ. ಈಗ ಯಶಸ್ವಿನಿ ಮತ್ತೆ ಆರಂಭವಾಗಿದೆ. ಗ್ರಾಮೀಣ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ. ವಂತಿಗೆ ಕಟ್ಟಿ ಸೇರುವ ಯೋಜನೆಯೂ ವಂತಿಗೆಯಿಲ್ಲದ್ದೂ ಒಂದೇ ಹಳ್ಳಿಯಲ್ಲಿ ಅಕ್ಕಪಕ್ಕ ನಡೆಯುತ್ತಿವೆ. ಸಹಕಾರ ಮತ್ತು ಆರೋಗ್ಯ ಇಲಾಖೆಗಳು ತಮ್ಮ ತಮ್ಮ ದಾಖಲೆಗಳನ್ನು ಹೆಸರು ತೆಗೆದು ಸಂಶೋಧಕರಿಗೆ ಒಟ್ಟಾಗಿ ತೆರೆದರೆ, ಯಾವ ತಾಲ್ಲೂಕಿನ ರೋಗಿ ಯಾವ ಹಂತದಲ್ಲಿ ಹಿಂದೆ ಸರಿಯುತ್ತಾನೆಂದು ಹಳ್ಳಿ ಹಳ್ಳಿಯ ಲೆಕ್ಕದಲ್ಲೇ ತೋರಿಸಬಹುದು.