ದೃಶ್ಯಪಾಠಗಳ ನೆಲೆ: ಆಕಾಶದಿಂದ ಗ್ರಂಥಾಲಯಕ್ಕೆ

ಕಾಲೇಜಿನ ಗ್ರಂಥಾಲಯವು ದೃಶ್ಯಪಾಠಗಳಿಗಾಗಿ ಎಂತಹ ಸರ್ವರನ್ನು ಆರಿಸಬೇಕೆಂಬ ಪ್ರಶ್ನೆಯನ್ನು ಯಂತ್ರಜ್ಞರಿಗೇ ಬಿಟ್ಟುಬಿಡುವ ವಾಡಿಕೆಯುಂಟು. ನಮ್ಮ ಅಭಿಪ್ರಾಯದಲ್ಲಿ ಇದು ಮೊದಲು ಇತಿಹಾಸದ ಪ್ರಶ್ನೆ. ನೆಲಮಂಗಲ ತಾಲ್ಲೂಕಿನ ತ್ಯಾಮಗೊಂಡ್ಲುವಿನಂತಹ, ರಾಜಧಾನಿಗೆ ಸಮೀಪವಾಗಿದ್ದರೂ ನಗರವಲ್ಲದ ಊರಿನಲ್ಲಿ ನಿಂತು ನೋಡಿದರೆ ಇದು ಮನದಟ್ಟಾಗುತ್ತದೆ.

1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗವು ಆರು ರಾಜ್ಯಗಳ ಸುಮಾರು 2400 ಹಳ್ಳಿಗಳನ್ನು ಉದ್ದೇಶಿಸಿದ್ದಿತು. ಕರ್ನಾಟಕದಲ್ಲಿ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳು ಅದಕ್ಕೆ ಸೇರಿದ್ದವು. ಉಪಗ್ರಹವು ಅಮೆರಿಕದಿಂದ ಒಂದು ವರ್ಷಕ್ಕೆಂದು ದೊರೆತುದು. ವರ್ಷ ಮುಗಿಯಿತು, ಆ ಚಿತ್ರವೂ ನಿಂತಿತು. 1984ರ ಆಗಸ್ಟ್ 15ರಂದು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ದೂರದರ್ಶನದಲ್ಲಿ ಪಾಠಗಳನ್ನು ಆರಂಭಿಸಿತು. ಆದರೆ ಪ್ರಸಾರದ ವೇಳೆಯಲ್ಲಿ ತರಗತಿಯಲ್ಲಿ ಕುಳಿತಿದ್ದ ವಿದ್ಯಾರ್ಥಿಗೆ ಅವು ಇದ್ದೂ ಇಲ್ಲದಂತೆ.

2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟೆಯಿಂದ ಎಜುಸ್ಯಾಟ್ ಮೇಲೇರಿತು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯವು ಆ ಯೋಜನೆಯ ಮೊದಲ ಹಂತದಲ್ಲಿಯೇ ಪಾಲುಗೊಂಡಿತು. ಸುಮಾರು 36000 ಕಿಲೋಮೀಟರ್ ಎತ್ತರದ ಉಪಗ್ರಹಕ್ಕೆ ಬೆಂಗಳೂರೂ ತ್ಯಾಮಗೊಂಡ್ಲುವೂ ಒಂದೇ. ಈ ಸಮದೃಷ್ಟಿ ಸಣ್ಣ ಲಾಭವಲ್ಲ. ಆದರೂ 2010ರ ಸೆಪ್ಟೆಂಬರಿನಲ್ಲಿ ಅದು ನಿವೃತ್ತವಾಯಿತು. ಬಂದ ಪಾಠವನ್ನು ಉಳಿಸಿಟ್ಟುಕೊಳ್ಳದವರಿಗೆ ಕೊನೆಗೆ ದಕ್ಕುವುದು ಛಾವಣಿಯ ಮೇಲಿನ ಡಿಶ್ ಮಾತ್ರ.

ಈ ಪರಂಪರೆಯಲ್ಲಿ ನಾವು ನಿಜವಾದ ತಿರುವೆಂದು ಎಣಿಸುವುದು ಬೇರೊಂದನ್ನು. ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ ಕೈಗೊಂಡ ಎನ್‌ಪಿಟಿಇಎಲ್ ಯೋಜನೆಯು ಪಾಠಗಳನ್ನು ಅಂತರಜಾಲದಲ್ಲಿಟ್ಟುದಲ್ಲದೆ, ಹಾರ್ಡ್‌ಡಿಸ್ಕಿನಲ್ಲಿ ತುಂಬಿ ಕಾಲೇಜುಗಳಿಗೆ ಒದಗಿಸುವ ಏರ್ಪಾಡನ್ನೂ ಮಾಡಿತು. ಉಪನ್ಯಾಸವು ಪುಸ್ತಕದಂತೆ ಕಪಾಟನ್ನು ಸೇರಿತು.

ಇನ್ನು ಲೆಕ್ಕ. ಸೆಕೆಂಡಿಗೆ ಒಂದು ಮೆಗಾಬಿಟ್‌ನಂತೆ ಹರಿಯುವ ಒಂದು ಗಂಟೆಯ ಪಾಠಕ್ಕೆ 450 ಮೆಗಾಬೈಟ್, 40 ಪಾಠಗಳ ವಿಷಯವೊಂದಕ್ಕೆ 18 ಗಿಗಾಬೈಟ್ ಸ್ಥಳ ಬೇಕು. ಮೂವತ್ತು ಮಂದಿ ಏಕಕಾಲಕ್ಕೆ ನೋಡಿದರೆ 30 ಮೆಗಾಬಿಟ್. ಕಚೇರಿಯೂ ಬಳಸುವ ಹೊರಗಿನ ಸಂಪರ್ಕಕ್ಕೆ ಇದು ಭಾರವಾಗಬಹುದು. ಕಟ್ಟಡದೊಳಗಿನ 100 ಮೆಗಾಬಿಟ್ ಜಾಲಕ್ಕೆ ಅಲ್ಲ. ಆದುದರಿಂದ ಸಾಧಾರಣ ಯಂತ್ರವೇ ಸಾಕು.

ಎಚ್ಚರ ಬೇಕಾದುದು ಕಡತದ ರೂಪದಲ್ಲಿ. ಒಂದು ಕಾಲಕ್ಕೆ ಎಲ್ಲೆಲ್ಲಿಯೂ ಇದ್ದ ಫ್ಲ್ಯಾಶ್ 2020ರ ಕೊನೆಗೆ ನಿಂತುಹೋಯಿತು. ತನ್ನದೇ ರೂಪವನ್ನು ಕಡ್ಡಾಯಮಾಡುವ, ನೋಡುವವರ ತಲೆ ಎಣಿಸಿ ಶುಲ್ಕ ಕೇಳುವ ಸರ್ವರನ್ನು ಎಷ್ಟು ಅಗ್ಗವಾದರೂ ನಾವು ಒಪ್ಪಲಾರೆವು. ಮೂಲಪ್ರತಿಯನ್ನು ಎಂಪೆಗ್-4ರಂತಹ ಸಾಮಾನ್ಯ ರೂಪದಲ್ಲಿ ಬೇರೆಯಾಗಿ ಇಡತಕ್ಕದ್ದು. ಪ್ರತಿಯನ್ನು ಇರಿಸಿಕೊಳ್ಳುವ ಹಕ್ಕನ್ನು ಕೊಳ್ಳುವ ಮೊದಲೇ ಬರೆಸಿಕೊಳ್ಳತಕ್ಕದ್ದು. ಬಳಿಕ ಪ್ರತಿಯೊಂದು ಪಾಠಕ್ಕೂ ಗ್ರಂಥಸೂಚಿಯಲ್ಲಿ ಒಂದು ನಮೂದು, ಅದೂ ಕನ್ನಡದಲ್ಲಿ ಹುಡುಕಿದರೆ ಸಿಕ್ಕುವಂತೆ.